ಹಕ್ಕಿನ ಎದುರಿಗೆ ಕರ್ತವ್ಯ ಬರೆಯಬೇಕಾ? ಮಕ್ಕಳ ಗೋಡೆಪಟ ತಿದ್ದಿಕೊಡಿ

ಬನಶಂಕರಿ ಓದುಗರ ಬಳಗ | ಶನಿವಾರ, ಬೆಳಿಗ್ಗೆ 9:10

ನವೆಂಬರ್ 14ಕ್ಕೆ ಬಡಾವಣೆಯ ಗ್ರಂಥಾಲಯದಲ್ಲಿ ಮಕ್ಕಳ ಹಕ್ಕು, ಕರ್ತವ್ಯಗಳ ಗೋಡೆಪಟ ಹಾಕಬೇಕು. ಓದುವವರು 10ರಿಂದ 18 ವರ್ಷದವರು. ಸರ್ಕಾರಿ ಶಾಲೆಯವರೂ ಇದ್ದಾರೆ, ಖಾಸಗಿ ಶಾಲೆಯವರೂ ಇದ್ದಾರೆ. ಅಳತೆ 3 ಅಡಿ ಅಗಲ, 4 ಅಡಿ ಎತ್ತರ. ದೂರದಿಂದ ಓದುವಷ್ಟು ದೊಡ್ಡ ಅಕ್ಷರ ಬೇಕೆಂದರೆ 20 ಸಾಲು ಮೀರುವಂತಿಲ್ಲ. ಕರಡು ಹೀಗಿದೆ. ಎಡಕ್ಕೆ ಹಕ್ಕು, ಬಲಕ್ಕೆ ಅದರ ಜೋಡಿ ಕರ್ತವ್ಯ:

ಶಾಲೆಗೆ ಹೋಗುವ ಹಕ್ಕು – ತಪ್ಪದೆ ಹಾಜರಾಗುವುದು
ಹೊಡೆತ, ಬೈಗುಳದಿಂದ ರಕ್ಷಣೆ – ಗುರುಹಿರಿಯರಿಗೆ ವಿಧೇಯತೆ
ದುಡಿಮೆಯಿಂದ ರಕ್ಷಣೆ – ಮನೆಗೆಲಸದಲ್ಲಿ ನೆರವು
ಆಟವಾಡುವ ಹಕ್ಕು – ಸಾರ್ವಜನಿಕ ಆಸ್ತಿ ಕಾಪಾಡುವುದು
ಅಭಿಪ್ರಾಯ ಹೇಳುವ ಹಕ್ಕು – ಬೇರೆಯವರ ಮಾತು ಕೇಳುವುದು

ಕಾನೂನಿನ ತಪ್ಪಿದ್ದರೆ ಸಾಲು ಹಿಡಿದು ಹೇಳಿ. ಅಚ್ಚಿಗೆ ಹೋದಮೇಲೆ ತಿದ್ದಲು ಆಗುವುದಿಲ್ಲ.

ವಕೀಲೆ, ಮಲ್ಲೇಶ್ವರ | ಶನಿವಾರ, ಬೆಳಿಗ್ಗೆ 10:02

ಎರಡನೇ ಸಾಲನ್ನು ದಯವಿಟ್ಟು ಈಗಲೇ ತೆಗೆಯಿರಿ. ಹೊಡೆಸಿಕೊಂಡ ಹತ್ತು ವರ್ಷದ ಮಗು ಆ ಪಟದ ಮುಂದೆ ನಿಂತರೆ ಮೊದಲು ಎಡಗಡೆ ಓದುತ್ತದೆ, ಆಮೇಲೆ ಬಲಗಡೆ. 'ನಾನು ಮಾತು ಕೇಳಲಿಲ್ಲ, ಅದಕ್ಕೇ ಹೊಡೆದರು' ಎಂದುಕೊಂಡು ಮನೆಗೆ ಹೋಗುತ್ತದೆ, ಯಾರಿಗೂ ಹೇಳುವುದಿಲ್ಲ. ಜೋಡಿಸಿ ಬರೆದರೆ ಬಲಗಡೆಯ ಸಾಲು ಎಡಗಡೆಯದಕ್ಕೆ ಷರತ್ತಿನ ಹಾಗೆ ಓದಿಸಿಕೊಳ್ಳುತ್ತದೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸುತ್ತದೆ. 'ಮಗು ವಿಧೇಯವಾಗಿದ್ದರೆ' ಎಂಬ ಮಾತು ಅಲ್ಲಿಲ್ಲ. ಆ ಕಾಯ್ದೆ 6ರಿಂದ 14 ವರ್ಷದವರಿಗೆ, ಅಂದರೆ 8ನೇ ತರಗತಿಯವರೆಗೆ. ಹಾಗಾದರೆ 9, 10ನೇ ತರಗತಿಯವರನ್ನು ಹೊಡೆಯಬಹುದಾ ಎಂದು ಕೇಳುವವರಿದ್ದಾರೆ. ಇಲ್ಲ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ 18 ತುಂಬುವವರೆಗೂ ಅನ್ವಯಿಸುತ್ತದೆ. ಮಗು ಯಾರ ಸುಪರ್ದಿನಲ್ಲಿದೆಯೋ ಅವರೇ ಹಲ್ಲೆ ಮಾಡಿದರೆ ಅಥವಾ ಮನಸ್ಸಿಗೋ ಮೈಗೋ ನೋವಾಗುವಂತೆ ನಡೆಸಿಕೊಂಡರೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ.

ಮೊದಲ ಸಾಲಿನಲ್ಲೂ ಹೊಣೆ ಹೊರುವವರು ಬದಲಾಗಿದ್ದಾರೆ. ಸಂವಿಧಾನದಲ್ಲಿ ಶಾಲೆಯ ಬಗ್ಗೆ ಕರ್ತವ್ಯ ಇರುವುದು ತಂದೆತಾಯಿಗೆ. 2002ರ 86ನೇ ತಿದ್ದುಪಡಿಯಲ್ಲಿ ಸೇರಿದ 51ಎ(ಕೆ) ಅದು: 6ರಿಂದ 14 ವರ್ಷದ ಮಗುವಿಗೆ ಶಿಕ್ಷಣದ ಅವಕಾಶ ಒದಗಿಸುವ ಹೊಣೆ ಪೋಷಕರದು. ಮಗುವನ್ನು ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿಸಿಕೊಂಡು, ಗೈರುಹಾಜರಿಯ ತಪ್ಪನ್ನು ಮಗುವಿನ ತಲೆಗೆ ಕಟ್ಟುವ ಹಾಗೆ ಆ ಸಾಲು ಓದಿಸಿಕೊಳ್ಳಬಾರದು.

ಪ್ರೌಢಶಾಲಾ ಮೇಷ್ಟ್ರು | ಶನಿವಾರ, ಬೆಳಿಗ್ಗೆ 10:48

ಮೇಡಂ, ಕಾನೂನು ಒಪ್ಪಿದೆ. ಆದರೆ ಬರೀ ಎಡಗಡೆ ಉಳಿಸಿ ಬಲಗಡೆ ಅಳಿಸಿದರೆ ಮಕ್ಕಳಿಗೆ ಅರ್ಧ ಮಾತ್ರ ಹೇಳಿದ ಹಾಗಾಗುತ್ತದೆ. ತರಗತಿಯಲ್ಲಿ ಹಿಂದಿನ ಬೆಂಚಿನವನು ಮುಂದಿನವನ ಜಾತಿ ಎತ್ತಿ ಆಡುತ್ತಾನೆ, ಶೌಚಾಲಯದ ನಲ್ಲಿ ಮುರಿಯುತ್ತಾನೆ, ಮೊಬೈಲಿನಲ್ಲಿ ಹುಡುಗಿಯರ ಫೋಟೋ ತೆಗೆಯುತ್ತಾನೆ. ಅವನಿಗೆ ಕರ್ತವ್ಯ ಎಂಬ ಪದವನ್ನೇ ತೋರಿಸಬಾರದಾ? ಹೊರಗೆ ಕಳಿಸುವಂತಿಲ್ಲ, ಬೈಯುವಂತಿಲ್ಲ ಎಂದಾದರೆ ಮಾಡಬಹುದಾದದ್ದು ಏನು ಎಂದಾದರೂ ಯಾರಾದರೂ ಹೇಳಬೇಕು.

ಸಂಶೋಧನಾ ವಿದ್ಯಾರ್ಥಿ, ಜ್ಞಾನಭಾರತಿ | ಶನಿವಾರ, ಬೆಳಿಗ್ಗೆ 11:15

ಇಬ್ಬರಿಗೂ ಉಪಯೋಗ ಆಗುವ ಒಂದು ವಿಷಯ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ 1989ರ ನವೆಂಬರ್ 20ರಂದು ಅಂಗೀಕಾರ ಸಿಕ್ಕಿತು, ಭಾರತ ಒಪ್ಪಿಕೊಂಡಿದ್ದು 1992ರ ಡಿಸೆಂಬರ್ 11ರಂದು. ಅದರ 54 ವಿಧಿಗಳಲ್ಲಿ ಮಗುವಿನ ಕರ್ತವ್ಯಗಳ ಪಟ್ಟಿಯೇ ಇಲ್ಲ. ಹೊಣೆಯೆಲ್ಲ ಸರ್ಕಾರದ್ದು, ಪೋಷಕರದು. ಆದರೆ 1990ರ ಆಫ್ರಿಕಾದ ಮಕ್ಕಳ ಸನ್ನದಿನ 31ನೇ ವಿಧಿ ಮಗುವಿನ ಹೊಣೆಗಳನ್ನು ಪಟ್ಟಿ ಮಾಡಿದೆ: ಕುಟುಂಬದ ಒಗ್ಗಟ್ಟಿಗೆ ದುಡಿಯುವುದು, ಹಿರಿಯರಿಗೆ ಗೌರವ, ಸಮುದಾಯಕ್ಕೆ ಸೇವೆ. ಅಲ್ಲೂ 'ವಯಸ್ಸಿಗೆ, ಸಾಮರ್ಥ್ಯಕ್ಕೆ ತಕ್ಕಂತೆ' ಎಂಬ ಮಾತು ಇದೆ. ಹೊಣೆಯನ್ನು ಹಕ್ಕಿನ ಬೆಲೆಯಾಗಿ ಕಟ್ಟಿಲ್ಲ, ಬೇರೆಯೇ ವಿಧಿಯಾಗಿ ಇಟ್ಟಿದ್ದಾರೆ.

ಆದ್ದರಿಂದ ಪಟದಲ್ಲೂ ಎಡಬಲ ಜೋಡಿ ಬೇಡ, ಮೇಲೆ ಕೆಳಗೆ ಮಾಡಿ. ಮೇಲಿನ ಭಾಗ ಎಲ್ಲ ಮಕ್ಕಳಿಗೂ ಇರುವ ಹಕ್ಕು. ಕೆಳಗಿನ ಭಾಗ ಹೊಣೆ, ವಯಸ್ಸಿನ ಮೆಟ್ಟಿಲಿನ ಹಾಗೆ.

ಮಕ್ಕಳ ರಕ್ಷಣಾ ಕಾರ್ಯಕರ್ತೆ | ಶನಿವಾರ, ಮಧ್ಯಾಹ್ನ 12:30

ಮೇಷ್ಟ್ರೇ, ನಿಮ್ಮ ಪ್ರಶ್ನೆ ನ್ಯಾಯವಾದದ್ದು. ತರಬೇತಿಗಳಲ್ಲಿ 'ಹೊಡೆಯಬೇಡಿ' ಎಂದು ಹೇಳಿ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಶಾಲೆಯಲ್ಲಿ ನಡೆಯಬಲ್ಲದ್ದು ಇಷ್ಟು:

ಮೊಬೈಲ್ ಸಿಕ್ಕರೆ ಮಗುವಿನ ಎದುರೇ ಸ್ವಿಚ್ ಆಫ್ ಮಾಡಿಸಿ ಲಕೋಟೆಗೆ ಹಾಕಿ. ಹೆಸರು, ತರಗತಿ, ಸಮಯ ಬರೆದು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿಡಿ, ಸಂಜೆ ಪೋಷಕರ ಸಹಿ ಪಡೆದು ಕೊಡಿ. ಒಳಗಿನ ಫೋಟೋ, ಸಂದೇಶ ತೆರೆದು ನೋಡಬೇಡಿ. ಅಶ್ಲೀಲ ಚಿತ್ರವಿದೆ ಎಂಬ ಅನುಮಾನ ಇದ್ದರಂತೂ ಬೇರೆ ಫೋನಿಗೆ ಕಳಿಸಿಕೊಂಡು 'ಸಾಕ್ಷಿ' ಮಾಡಿಕೊಳ್ಳಲೇಬೇಡಿ, ಹಾಗೆ ಮಾಡಿದರೆ ನೀವೇ ಅಪರಾಧದೊಳಗೆ ಸಿಕ್ಕಿಕೊಳ್ಳುತ್ತೀರಿ. ಚೀಲ ತಪಾಸಣೆ ಮಾಡುವುದಾದರೆ ಇಬ್ಬರು ದೊಡ್ಡವರು ಇರಲಿ, ಮಗುವೂ ಅಲ್ಲೇ ಇರಲಿ, ಇಡೀ ತರಗತಿಯ ಮುಂದೆ ಬೇಡ.

ನಲ್ಲಿ ಮುರಿದವನಿಗೆ ರಿಪೇರಿಯವರ ಜೊತೆ ನಿಂತು ಕೆಲಸ ನೋಡುವ, ಕೈಜೋಡಿಸುವ ಹೊಣೆ ಕೊಡಿ. ಶೌಚಾಲಯ ತೊಳೆಸಬೇಡಿ. ಅದು ಹೊಣೆಯಾಗಿ ಉಳಿಯದೆ ಅವಮಾನವಾಗುತ್ತದೆ, ಮತ್ತು ಹಾಗೆ ತೊಳೆಯಲು ಕಳಿಸುವಾಗ ಯಾವ ಮಕ್ಕಳನ್ನು ಆರಿಸುತ್ತಾರೆ ಎಂಬುದರಲ್ಲಿ ಜಾತಿ ಸೇರಿಕೊಳ್ಳುತ್ತದೆ. ಜಾತಿ ಎತ್ತಿ ಬೈದ ಪ್ರಕರಣವನ್ನು 'ಮಕ್ಕಳಾಟ' ಎಂದು ತಳ್ಳಿಹಾಕಬೇಡಿ. ಇಬ್ಬರ ಪೋಷಕರನ್ನೂ ಬೇರೆ ಬೇರೆ ಸಮಯಕ್ಕೆ ಕರೆಸಿ, ಬೈಸಿಕೊಂಡ ಮಗುವಿನ ಮಾತನ್ನು ಮೊದಲು ಕೇಳಿ, ಅದು ಹೇಳಿದ ಪದಗಳಲ್ಲೇ ಬರೆದಿಟ್ಟುಕೊಳ್ಳಿ. ರಾಜ್ಯದ 2016ರ ಮಕ್ಕಳ ರಕ್ಷಣಾ ನೀತಿಯ ಪ್ರಕಾರ ಶಾಲೆಯಲ್ಲಿ ಮಕ್ಕಳ ರಕ್ಷಣಾ ಸಮಿತಿ ಇರಬೇಕು. ಇಂಥದ್ದು ಆ ಸಮಿತಿಯ ಮುಂದೆ ಹೋಗಬೇಕು.

'ಟಿಸಿ ಕೊಟ್ಟು ಕಳಿಸುತ್ತೇನೆ' ಎಂಬ ಬೆದರಿಕೆ ಮಾತ್ರ ಬಿಡಿ. ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಪ್ರಕಾರ 8ನೇ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ತೆಗೆಯುವಂತಿಲ್ಲ. 2019ರ ತಿದ್ದುಪಡಿಯಿಂದ 5 ಮತ್ತು 8ನೇ ತರಗತಿಯಲ್ಲಿ ಅನುತ್ತೀರ್ಣ ಮಾಡಲು ರಾಜ್ಯಗಳಿಗೆ ಅವಕಾಶ ಬಂತು, ಹೊರಹಾಕುವ ಅವಕಾಶ ಬರಲಿಲ್ಲ.

ಒಬ್ಬ ತಾಯಿ, ಯಶವಂತಪುರ | ಶನಿವಾರ, ಮಧ್ಯಾಹ್ನ 2:05

ಟಿಸಿ ಮಾತು ಬಂದಿದ್ದಕ್ಕೆ ಕೇಳುತ್ತಿದ್ದೇನೆ. ಫೀಸು ಬಾಕಿ ಎಂದು ಶಾಲೆಯವರು ಟಿಸಿ ತಡೆಹಿಡಿದರೆ ಮಗುವಿನ ಹಕ್ಕು ಏನು? 'ಟಿಸಿ ಇಲ್ಲದೆ ಎಲ್ಲಿ ಬೇಕಾದರೂ ಸೇರಬಹುದು' ಎಂದು ಎಲ್ಲರೂ ಹೇಳುತ್ತಾರೆ, ಹೊಸ ಶಾಲೆಯ ಬಾಗಿಲಲ್ಲಿ ಅದು ನಡೆಯುವುದಿಲ್ಲ.

ವಕೀಲೆ, ಮಲ್ಲೇಶ್ವರ | ಶನಿವಾರ, ಮಧ್ಯಾಹ್ನ 3:20

'ಎಲ್ಲಿ ಬೇಕಾದರೂ' ಎಂಬುದೇ ತಪ್ಪು ತಿಳಿವಳಿಕೆ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಓದಿ ನೋಡಿ. ಯಾವುದೇ ಕಾರಣಕ್ಕೆ ಶಾಲೆ ಬದಲಿಸುವ ಹಕ್ಕು ಮಗುವಿಗೆ ಇರುವುದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಸೇರಲು ಮಾತ್ರ. ಹಳೇ ಶಾಲೆಯ ಮುಖ್ಯಸ್ಥರು ಟಿಸಿಯನ್ನು ತಕ್ಷಣ ಕೊಡಬೇಕು, ಟಿಸಿ ತಡವಾಯಿತು ಎಂದು ಆ ಹೊಸ ಶಾಲೆ ದಾಖಲಾತಿ ತಡೆಯುವಂತಿಲ್ಲ, ತಡಮಾಡಿದ ಮುಖ್ಯಸ್ಥರ ಮೇಲೆ ಶಿಸ್ತು ಕ್ರಮಕ್ಕೂ ಅವಕಾಶ ಇದೆ. ಅನುದಾನರಹಿತ ಖಾಸಗಿ ಶಾಲೆಯ ಬಾಗಿಲಲ್ಲಿ ಈ ಕಲಂ ತೋರಿಸಿದರೆ ಕೆಲಸ ಆಗದಿರುವುದಕ್ಕೆ ಕಾರಣ ಇದೇ. ಇನ್ನೊಂದು: ಅಲ್ಪಸಂಖ್ಯಾತ ಸಂಸ್ಥೆಗಳನ್ನು 2014ರ ಸುಪ್ರೀಂ ಕೋರ್ಟ್ ತೀರ್ಪು ಈ ಕಾಯ್ದೆಯಿಂದ ಹೊರಗಿಟ್ಟಿದೆ. ಅರ್ಜಿ ಬರೆಯುವ ಮೊದಲು ನಿಮ್ಮ ಶಾಲೆ ಯಾವ ವರ್ಗದ್ದು ಎಂದು ತಿಳಿದುಕೊಳ್ಳಿ.

ಕೆಲಸ ಹೀಗೆ ಮಾಡಿ. ಬಾಯಿಮಾತಿನಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ. ಟಿಸಿ ಕೋರಿ ಬಿಳಿ ಹಾಳೆಯಲ್ಲಿ ಎರಡು ಪ್ರತಿ ಬರೆಯಿರಿ. ಮಗುವಿನ ಹೆಸರು, ತರಗತಿ, ಸ್ಯಾಟ್ಸ್ (ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದಾಖಲೆಯ ಆನ್‌ಲೈನ್ ವ್ಯವಸ್ಥೆ) ಸಂಖ್ಯೆ, ಬಿಡುವ ದಿನಾಂಕ ಇರಲಿ. ಫೀಸಿನ ಜಗಳವನ್ನು ಆ ಪತ್ರದಲ್ಲಿ ಬರೆಯಬೇಡಿ, ಒಂದು ಸಾಲು ಬರೆದರೂ ಉತ್ತರ ಪೂರ್ತಿ ಫೀಸಿನ ಬಗ್ಗೆಯೇ ಬರುತ್ತದೆ. ಒಂದು ಪ್ರತಿ ಶಾಲೆಗೆ, ಇನ್ನೊಂದರ ಮೇಲೆ ಶಾಲೆಯ ಸೀಲು, ದಿನಾಂಕ, ಪಡೆದವರ ಸಹಿ. ಸೀಲು ಹಾಕಲು ಒಪ್ಪದಿದ್ದರೆ ಅದೇ ಪತ್ರವನ್ನು ಅಂದೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಜೋಡಿಸಿಡಿ.

ಒಂದು ವಾರದಲ್ಲಿ ಬರದಿದ್ದರೆ ಅದರ ನಕಲು ಜೋಡಿಸಿ ಕ್ಷೇತ್ರ ಶಿಕ್ಷಣಾಧಿಕಾರಿಗೆ ದೂರು ಕೊಡಿ. ಸಾಹೇಬರ ಕೈಗೆ ಕೊಟ್ಟು ಬರುವುದಕ್ಕಿಂತ ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ಸಂಖ್ಯೆ ಬರೆಸಿಕೊಳ್ಳುವುದು ಒಳ್ಳೆಯದು, ಮುಂದಿನ ಮೇಲ್ಮನವಿಗೆಲ್ಲ ಆ ಸಂಖ್ಯೆಯೇ ಆಧಾರ. ಕಾಗದದ ಟಿಸಿ ಕೊಟ್ಟು ಸ್ಯಾಟ್ಸ್‌ನಲ್ಲಿ ದಾಖಲೆ ಬಿಡದಿರುವುದೂ ಉಂಟು. ಆಗ ಮಗು ಹೊಸ ಶಾಲೆಯಲ್ಲಿ ಕೂತಿದ್ದರೂ ದಾಖಲೆಯಲ್ಲಿ ಹಳೇ ಶಾಲೆಯಲ್ಲೇ ಇರುತ್ತದೆ. ಅದನ್ನೂ ದೂರಿನಲ್ಲಿ ಹೆಸರಿಸಿ. ಅದೇ ಕಾಯ್ದೆಯ 32ನೇ ಕಲಂ ಪ್ರಕಾರ ಕೊಟ್ಟ ಲಿಖಿತ ದೂರು 3 ತಿಂಗಳೊಳಗೆ ತೀರ್ಮಾನ ಆಗಬೇಕು, ಆ ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಫೀಸಿನ ತಕರಾರು ಬೇರೆಯೇ ದಾರಿ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಶಿಕ್ಷಣ ನಿಯಂತ್ರಣ ಪ್ರಾಧಿಕಾರಕ್ಕೆ ಅದನ್ನು ಒಯ್ಯಿರಿ.

ವಕೀಲರ ಖರ್ಚಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಅಡಿ ಮಕ್ಕಳಿಗೆ, ಹೆಂಗಸರಿಗೆ ಆದಾಯ ನೋಡದೆ ಉಚಿತ ನೆರವು ಇದೆ. ರಾಜ್ಯ ಪ್ರಾಧಿಕಾರದ ಕಚೇರಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ. ಸಹಾಯವಾಣಿ 15100.

ಬನಶಂಕರಿ ಓದುಗರ ಬಳಗ | ಶನಿವಾರ, ಸಂಜೆ 4:00

ಮೇಲೆ ಕೆಳಗೆ ಮಾಡುವ ಸಲಹೆ ಒಪ್ಪಿಕೊಂಡೆವು. ಮೂರನೇ ಸಾಲು, ದುಡಿಮೆ, ಯಾರಾದರೂ ನೋಡಿ. '14ರ ಮೇಲೆ ಕೆಲಸ ಮಾಡಬಹುದು' ಎಂದು ಬರೆದರೆ ಸರಿಯಾ?

ಕಾರ್ಮಿಕ ಕಾನೂನು ಬಲ್ಲವರು, ಪೀಣ್ಯ | ಶನಿವಾರ, ಸಂಜೆ 5:25

ಅಷ್ಟೇ ಬರೆದರೆ ಅಪಾಯ. 1986ರ ಬಾಲಕಾರ್ಮಿಕ ಕಾಯ್ದೆ 2016ರ ತಿದ್ದುಪಡಿ ಆದಮೇಲೆ ಹೀಗಿದೆ. 14 ತುಂಬದವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ, ಬೇರೆಯವರ ಮನೆಯ ಕೆಲಸವೂ ಅದರಲ್ಲಿ ಬಂತು. ಎರಡೇ ವಿನಾಯಿತಿ. ಒಂದು, ಅಪಾಯಕಾರಿಯಲ್ಲದ ಸ್ವಂತ ಕುಟುಂಬದ ಕಸುಬಿನಲ್ಲಿ ಶಾಲೆ ಬಿಟ್ಟಮೇಲೆ ಅಥವಾ ರಜೆಯಲ್ಲಿ ನೆರವು. ಇನ್ನೊಂದು, ಸಿನಿಮಾ, ಧಾರಾವಾಹಿ, ಜಾಹೀರಾತಿನ ಬಾಲ ಕಲಾವಿದರು. ಅವರಿಗೂ ದಿನಕ್ಕೆ 5 ಗಂಟೆ ಮೀರುವಂತಿಲ್ಲ, ಬಿಡುವಿಲ್ಲದೆ 3 ಗಂಟೆ ಮೀರುವಂತಿಲ್ಲ, ಸಂಪಾದನೆಯ ಕನಿಷ್ಠ ಶೇ. 20 ಮಗುವಿನ ಹೆಸರಿನ ಠೇವಣಿಗೆ ಹೋಗಬೇಕು. ಬೆಂಗಳೂರಲ್ಲಿ ಧಾರಾವಾಹಿ ಚಿತ್ರೀಕರಣ ನಡೆಯದ ದಿನವಿಲ್ಲ, ಈ ಸಾಲು ಎಷ್ಟೋ ಪೋಷಕರಿಗೆ ಗೊತ್ತಿಲ್ಲ.

14ರಿಂದ 18ರವರನ್ನು ಕಾನೂನು ಹದಿಹರೆಯದವರು ಎನ್ನುತ್ತದೆ. ಗಣಿ, ಸ್ಫೋಟಕ, ಅಪಾಯಕಾರಿ ಪ್ರಕ್ರಿಯೆಗಳಲ್ಲಿ ಅವರನ್ನು ತೊಡಗಿಸುವಂತಿಲ್ಲ. ಉಳಿದ ಕಡೆ ಸಮಯದ ಮಿತಿ ಇದೆ: ಸತತ 3 ಗಂಟೆ ಆದಮೇಲೆ ಕನಿಷ್ಠ 1 ಗಂಟೆ ಬಿಡುವು, ಬಿಡುವೂ ಕಾಯುವ ಹೊತ್ತೂ ಸೇರಿ ದಿನಕ್ಕೆ 6 ಗಂಟೆ, ರಾತ್ರಿ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಇಲ್ಲ, ಓವರ್‌ಟೈಂ ಇಲ್ಲ, ವಾರಕ್ಕೊಂದು ಪೂರ್ತಿ ರಜೆ. ದರ್ಶಿನಿಯಲ್ಲಿ ಬೆಳಗಿನ 5 ಗಂಟೆಗೆ ಹಿಟ್ಟು ಹೊರುವ 16ರ ಹುಡುಗ, ಮದುವೆ ಛತ್ರದಲ್ಲಿ ರಾತ್ರಿ 10ಕ್ಕೆ ಎಲೆ ಎತ್ತುವ 15ರ ಹುಡುಗ, ಇಬ್ಬರಿಗೂ ವಯಸ್ಸು '14 ದಾಟಿದೆ'. ಆದರೂ ಎರಡೂ ಕಾನೂನುಬಾಹಿರ.

14ರೊಳಗಿನವರನ್ನು ಇಟ್ಟುಕೊಂಡ ಮಾಲೀಕನಿಗೆ 6 ತಿಂಗಳಿಂದ 2 ವರ್ಷದವರೆಗೆ ಜೈಲು, 20,000ದಿಂದ 50,000 ರೂಪಾಯಿ ದಂಡ, ಇಲ್ಲವೇ ಎರಡೂ. ಪೊಲೀಸರು ವಾರಂಟ್ ಇಲ್ಲದೆ ಕ್ರಮ ಕೈಗೊಳ್ಳಬಹುದು.

ಇವೆಲ್ಲ ಎಲ್ಲಿ ಬಿದ್ದುಹೋಗುತ್ತವೆ ಗೊತ್ತಾ? ವಯಸ್ಸಿನಲ್ಲಿ. ಮಾಲೀಕ 'ಹುಡುಗನಿಗೆ 18' ಎನ್ನುತ್ತಾನೆ, ಹುಡುಗನೂ ಹೆದರಿ ಹೌದೆನ್ನುತ್ತಾನೆ. ಬಾಲನ್ಯಾಯ ಕಾಯ್ದೆಯ 94ನೇ ಕಲಂ ಕ್ರಮ ಹೇಳಿದೆ: ಮೊದಲು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಪಾಲಿಕೆ ಅಥವಾ ಪಂಚಾಯತಿಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಆಧಾರ್ ಕಾರ್ಡ್ ಆ ಸಾಲಿನಲ್ಲಿಲ್ಲ. ವಲಸೆ ಬಂದ ಮಕ್ಕಳಿಗೆ ಊರಿನ ಶಾಲೆಯ ಹೆಸರೊಂದು ನೆನಪಿದ್ದರೂ ಸಾಕು, ಅಲ್ಲಿಂದ ದಾಖಲೆ ತರಿಸಬಹುದು. ಅದಕ್ಕೇ ಹೇಳುವುದು, ಮಗುವಿನ ಮೊದಲ ಹೊಣೆಯಾಗಿ 'ನಿನ್ನ ಹುಟ್ಟಿದ ದಿನಾಂಕ, ಶಾಲೆಯ ಹೆಸರು, ಮನೆಯವರ ಒಂದು ಫೋನ್ ನಂಬರ್ ಬಾಯಿಪಾಠ ಮಾಡಿಕೋ' ಎಂದು ಬರೆಯಿರಿ. 'ಮನೆಗೆಲಸದಲ್ಲಿ ನೆರವು' ಎಂಬುದಕ್ಕಿಂತ ಇದು ಉಪಕಾರಕ್ಕೆ ಬರುತ್ತದೆ.

ಪಿಯು ವಿದ್ಯಾರ್ಥಿನಿ | ಶನಿವಾರ, ರಾತ್ರಿ 7:40

ದೊಡ್ಡವರ ಮಧ್ಯೆ ಒಂದು ಮಾತು. ನಮ್ಮ ವಯಸ್ಸಿನವರು ಆ ಪಟದಲ್ಲಿ ಎಲ್ಲೂ ಕಾಣುತ್ತಿಲ್ಲ. ನಮಗೆ 17. 16 ತುಂಬಿದರೆ ಗೇರ್ ಇಲ್ಲದ ಸ್ಕೂಟರ್ ಓಡಿಸಬಹುದು ಎಂದು ಕಾಲೇಜಿನಲ್ಲಿ ಎಲ್ಲರೂ ಹೇಳುತ್ತಾರೆ, ನಿಜವಾ? ಮತದಾನದ ಗುರುತಿನ ಚೀಟಿಗೆ 18 ತುಂಬುವ ತನಕ ಕಾಯಬೇಕಾ? ನಮ್ಮದೇ ಬ್ಯಾಂಕ್ ಖಾತೆ ಮಾಡಬಹುದಾ? ಇವೂ ಹಕ್ಕುಗಳೇ ಅಲ್ಲವಾ?

ವಾಹನ ಕಾನೂನು ಬಲ್ಲವರು, ಕೋರಮಂಗಲ | ಶನಿವಾರ, ರಾತ್ರಿ 8:30

ಹೌದಮ್ಮ, ಅವೂ ಹಕ್ಕುಗಳೇ. ಸ್ಕೂಟರ್ ವಿಷಯ ಅರ್ಧ ನಿಜ. ಕಾನೂನಿನಲ್ಲಿ 16 ವರ್ಷಕ್ಕೆ ಅವಕಾಶ ಇರುವುದು 50 ಸಿಸಿ ಮೀರದ, ಗೇರ್ ಇಲ್ಲದ ಬೈಕಿಗೆ. ಶೋರೂಮಿನಲ್ಲಿ ನಿಂತಿರುವ ಪೆಟ್ರೋಲ್ ಸ್ಕೂಟರುಗಳು 110, 125 ಸಿಸಿ. ಅವಕ್ಕೆ 18 ಆಗಲೇಬೇಕು.

ಬ್ಯಾಟರಿ ಸ್ಕೂಟರಿಗೆ ಏನೂ ಬೇಡ ಎನ್ನುವುದೂ ಅರ್ಧವೇ. ಮೋಟರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರ್ ಒಳಗೆ, ಎರಡೂ ಇದ್ದರೆ ಮಾತ್ರ ಅದು ಮೋಟಾರು ವಾಹನ ಎನಿಸಿಕೊಳ್ಳುವುದಿಲ್ಲ. ಅಂಗಡಿಯಲ್ಲಿ ಕಂಟ್ರೋಲರಿನ ವೇಗದ ಮಿತಿ ತೆಗೆಸಿದರೆ ಅದೇ ಕ್ಷಣಕ್ಕೆ ಅದು ನೋಂದಣಿ ಇಲ್ಲದ, ವಿಮೆ ಇಲ್ಲದ ಮೋಟಾರು ವಾಹನ. ಸಿಕ್ಕಿಬೀಳುವುದು ಅಲ್ಲೇ.

2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಮೋಟಾರು ವಾಹನ ಕಾಯ್ದೆಯ 199ಎ ಕಲಂ ಪ್ರಕಾರ, 18 ತುಂಬದವರು ವಾಹನದಲ್ಲಿ ಅಪರಾಧ ಮಾಡಿದರೆ ಪೋಷಕರನ್ನು ಅಥವಾ ವಾಹನದ ಮಾಲೀಕರನ್ನು ತಪ್ಪಿತಸ್ಥರೆಂದೇ ಭಾವಿಸಲಾಗುತ್ತದೆ. 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ವಾಹನದ ನೋಂದಣಿ 12 ತಿಂಗಳು ರದ್ದು. ಓಡಿಸಿದವರಿಗೆ 25 ವರ್ಷ ತುಂಬುವವರೆಗೆ ಕಲಿಕಾ ಪರವಾನಗಿಯೂ ಸಿಗುವುದಿಲ್ಲ. 'ನಮಗೆ ಗೊತ್ತೇ ಇರಲಿಲ್ಲ' ಎಂದು ಸಾಬೀತು ಮಾಡುವ ಭಾರ ಪೋಷಕರ ಮೇಲೆ, ಆದ್ದರಿಂದ ಕೀಲಿ ಬಾಗಿಲ ಪಕ್ಕದ ಮೊಳೆಗೆ ನೇತುಹಾಕುವುದೂ ವಿಷಯವೇ. ಅಪಘಾತವಾದರೆ ವಿಮಾ ಕಂಪನಿ ಪರಿಹಾರ ಕೊಟ್ಟು, ಆಮೇಲೆ ಅದನ್ನು ಮಾಲೀಕರಿಂದ ವಸೂಲು ಮಾಡಲು ಬರಬಹುದು.

ಮತದ ವಿಷಯ: 17 ತುಂಬಿದ್ದರೆ ನಮೂನೆ 6ರಲ್ಲಿ ಈಗಲೇ ಅರ್ಜಿ ಹಾಕಬಹುದು. ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ, ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ನೀನು 18 ತುಂಬಿದ ಮೇಲೆ ಬರುವ ಮೊದಲ ದಿನಾಂಕಕ್ಕೆ ಹೆಸರು ಸೇರುತ್ತದೆ. ಖಾತೆ: 10 ವರ್ಷ ಮೇಲ್ಪಟ್ಟವರು ಉಳಿತಾಯ ಖಾತೆ ತೆರೆದು ತಾವೇ ನಡೆಸಲು 2025ರಲ್ಲಿ ರಿಸರ್ವ್ ಬ್ಯಾಂಕ್ ಅವಕಾಶ ಸ್ಪಷ್ಟಪಡಿಸಿದೆ, ಎಷ್ಟು ಮೊತ್ತದವರೆಗೆ ಎಂಬ ಮಿತಿಯನ್ನು ಆಯಾ ಬ್ಯಾಂಕ್ ಹಾಕುತ್ತದೆ. ಆದರೆ ಆ ಖಾತೆಯನ್ನು ಅಪರಿಚಿತರಿಗೆ 'ದುಡ್ಡು ಬಂದು ಹೋಗಲು' ಬಾಡಿಗೆಗೆ ಕೊಡಬೇಡ. ಸೈಬರ್ ವಂಚಕರು ಕಾಲೇಜು ಹುಡುಗರ ಖಾತೆಗಳನ್ನು ಹುಡುಕುವುದೇ ಇದಕ್ಕೆ.

ವಕೀಲೆ, ಮಲ್ಲೇಶ್ವರ | ಶನಿವಾರ, ರಾತ್ರಿ 9:15

ವಯಸ್ಸಿನ ಮೆಟ್ಟಿಲಿಗೆ ಅಪರಾಧದ ಭಾಗವೂ ಬೇಕು, ಯಾಕೆಂದರೆ '18ರೊಳಗೆ ಏನು ಮಾಡಿದರೂ ಏನೂ ಆಗಲ್ಲ' ಎಂಬ ಮಾತು ಹುಡುಗರ ನಡುವೆ ಓಡಾಡುತ್ತದೆ. ಭಾರತೀಯ ನ್ಯಾಯ ಸಂಹಿತೆಯ 20ನೇ ಕಲಂ ಪ್ರಕಾರ 7 ವರ್ಷದೊಳಗಿನ ಮಗುವಿನ ಕೃತ್ಯ ಅಪರಾಧವಲ್ಲ. 7ರಿಂದ 12ರ ನಡುವೆ, ಮಾಡಿದ್ದೇನು ಎಂದು ತಿಳಿಯುವ ಬುದ್ಧಿ ಬಲಿತಿರಲಿಲ್ಲ ಎಂದಾದರೆ ಅಪರಾಧವಲ್ಲ. 12 ಆದಮೇಲೆ ಬಾಲನ್ಯಾಯ ಮಂಡಳಿ ವಿಚಾರಣೆ ಮಾಡುತ್ತದೆ. 16ರಿಂದ 18ರವರು ಕನಿಷ್ಠ 7 ವರ್ಷ ಶಿಕ್ಷೆ ಇರುವಂಥ ಘೋರ ಅಪರಾಧ ಮಾಡಿದ್ದರೆ ಮಂಡಳಿ ಪ್ರಾಥಮಿಕ ಪರಿಶೀಲನೆ ಮಾಡಿ, ದೊಡ್ಡವರಂತೆ ವಿಚಾರಣೆಗೆ ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು.

ಇದರ ಪಕ್ಕದಲ್ಲೇ ಇದನ್ನೂ ಬರೆಯಿರಿ: ಪೊಲೀಸರು ಮಗುವನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಬೇಡಿ ಹಾಕುವಂತಿಲ್ಲ, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು, ಮನೆಯವರಿಗೆ ತಿಳಿಸಬೇಕು. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರುತ್ತಾರೆ, ಠಾಣೆಗೆ ಹೋದವರು ಮೊದಲು ಅವರನ್ನೇ ಕೇಳಬೇಕು.

ಪ್ರಾಥಮಿಕ ಶಾಲಾ ಟೀಚರ್ | ಭಾನುವಾರ, ಬೆಳಿಗ್ಗೆ 8:20

ದೊಡ್ಡ ಕಾನೂನುಗಳ ಮಧ್ಯೆ ದಿನಾ ಬೆನ್ನ ಮೇಲೆ ಹೊರುವ ವಿಷಯ ಬಿಟ್ಟುಹೋಗಿದೆ. ಸ್ಕೂಲ್ ಬ್ಯಾಗ್. 2019ರ ರಾಜ್ಯ ಆದೇಶದ ಪ್ರಕಾರ 1, 2ನೇ ತರಗತಿಗೆ ಒಂದೂವರೆಯಿಂದ 2 ಕಿಲೋ, 3ರಿಂದ 5ಕ್ಕೆ 2ರಿಂದ 3 ಕಿಲೋ, 6ರಿಂದ 8ಕ್ಕೆ 3ರಿಂದ 4 ಕಿಲೋ, 9, 10ಕ್ಕೆ 4ರಿಂದ 5 ಕಿಲೋ.

ನಾಲ್ಕನೇ ತರಗತಿಯ ಒಂದು ಬ್ಯಾಗನ್ನು ತರಕಾರಿ ಅಂಗಡಿಯ ತಕ್ಕಡಿಗೆ ಇಟ್ಟು ಬಿಚ್ಚುತ್ತಾ ಹೋಗಿ. ಖಾಲಿ ಬ್ಯಾಗೇ ಸುಮಾರು 700 ಗ್ರಾಂ. ಒಂದು ಲೀಟರ್ ನೀರು ತುಂಬಿದ ಬಾಟಲಿ 1 ಕಿಲೋಗಿಂತ ಜಾಸ್ತಿ. ಚಿತ್ರಾನ್ನ ತುಂಬಿದ ಸ್ಟೀಲ್ ಡಬ್ಬಿ ಅರ್ಧ ಕಿಲೋ. ಒಂದು ಪುಸ್ತಕವೂ ಇಡುವ ಮೊದಲೇ 2 ಕಿಲೋ ದಾಟಿತು. ಆಮೇಲೆ 200 ಪುಟದ ನೋಟ್‌ಬುಕ್ ಆರು, ಪಠ್ಯಪುಸ್ತಕ ನಾಲ್ಕು, ಟ್ಯೂಷನ್ ಪುಸ್ತಕ ಬೇರೆ.

ಹಕ್ಕು ಯಾರದು, ಹೊಣೆ ಯಾರದು ಎಂಬುದು ಈ ತಕ್ಕಡಿಯಲ್ಲೇ ಕಾಣುತ್ತದೆ. ಶಾಲೆಯಲ್ಲಿ ಕುಡಿಯುವ ನೀರು ಸರಿಯಾಗಿದ್ದರೆ ಮಗು ಬಾಟಲಿಯನ್ನು ಖಾಲಿ ತರಬಹುದು. ಶುದ್ಧ ನೀರು ಕೊಡುವುದು ಶಾಲೆಯ ಹೊಣೆ, ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಇದೆ. 200 ಪುಟದ ಬದಲು 100 ಪುಟದ ನೋಟ್‌ಬುಕ್ ಹೇಳುವುದು ಟೀಚರ ಹೊಣೆ. ಹಗುರ ಬ್ಯಾಗ್ ಕೊಳ್ಳುವುದು ಪೋಷಕರದು. ರಾತ್ರಿ ವೇಳಾಪಟ್ಟಿ ನೋಡಿ ನಾಳೆಗೆ ಬೇಡದ ಪುಸ್ತಕ ತೆಗೆದಿಡುವುದು ಮಗುವಿನದು. ಇಷ್ಟರಲ್ಲಿ ಮಗುವಿನ ಪಾಲು ನಾಲ್ಕನೆಯದು, ಆದರೂ ಅದನ್ನು ಕಲಿಸಲೇಬೇಕು, ಮೇಷ್ಟ್ರ ಆಸೆಯೂ ಅದೇ ಅಂದುಕೊಂಡಿದ್ದೇನೆ. ಪಟದಲ್ಲಿ ಬೇರೇನೂ ಹಾಕದಿದ್ದರೂ ಒಂದು ತಕ್ಕಡಿಯ ಚಿತ್ರ ಹಾಕಿ.

ಪ್ರೌಢಶಾಲಾ ಮೇಷ್ಟ್ರು | ಭಾನುವಾರ, ಬೆಳಿಗ್ಗೆ 9:05

ಒಪ್ಪಿದೆ ಟೀಚರ್. ಹೀಗೆ ಹಂಚಿ ಬರೆದರೆ ನನ್ನ ತಕರಾರಿಲ್ಲ. ಆದರೆ ಫೋಟೋ ವಿಷಯ ಮಾತ್ರ ಬಿಡಬೇಡಿ.

ಮಕ್ಕಳ ರಕ್ಷಣಾ ಕಾರ್ಯಕರ್ತೆ | ಭಾನುವಾರ, ಬೆಳಿಗ್ಗೆ 10:10

ಬಿಡುವುದಿಲ್ಲ. ಹದಿಹರೆಯದವರ ನಿಜವಾದ, ಕಾನೂನಿನಲ್ಲೇ ಇರುವ ಹೊಣೆ ಇದು. 18ರೊಳಗಿನವರ ಅಶ್ಲೀಲ ಚಿತ್ರ ಅಥವಾ ವಿಡಿಯೋ ಕಳಿಸುವುದು, ಇಟ್ಟುಕೊಳ್ಳುವುದು ಅಪರಾಧ. 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟ ಮಾಡಿತು, ಅಳಿಸದೆ, ದೂರು ಕೊಡದೆ ಇಟ್ಟುಕೊಂಡವರೂ ಪೋಕ್ಸೊ ಕಾಯ್ದೆಯ 15ನೇ ಕಲಂ ವ್ಯಾಪ್ತಿಗೆ ಬರಬಹುದು. ಗ್ರೂಪಿಗೆ ಬಂದರೆ ಯಾರಿಗೂ ಕಳಿಸದೆ, ನಂಬುವ ದೊಡ್ಡವರಿಗೆ ಹೇಳಬೇಕು. ಚಿತ್ರದಲ್ಲಿರುವ ಮಗುವಿಗೆ ಇಷ್ಟೇ ಹೇಳಿ: ತಪ್ಪು ನಿನ್ನದಲ್ಲ, ಬೆದರಿಸುವವರಿಗೆ ದುಡ್ಡು ಕೊಡಬೇಡ, ಖಾತೆ ಅಳಿಸುವ ಮೊದಲು ಹೆಸರು, ನಂಬರ್, ಸಮಯ ಬರೆದಿಟ್ಟುಕೋ. ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಬೇಕು. ಮನಸ್ಸಿಗೆ ತಡೆಯಲಾಗದಿದ್ದರೆ ಟೆಲಿ ಮಾನಸ್, 14416, ಕನ್ನಡದಲ್ಲೂ ಮಾತಾಡುತ್ತಾರೆ.

ಪಟದ ಕೆಳಗೆ ದೊಡ್ಡ ಅಕ್ಷರದಲ್ಲಿ ಮಕ್ಕಳ ಸಹಾಯವಾಣಿ 1098 ಇರಲಿ. 2023ರಿಂದ ಅದು ರಾಜ್ಯ ಸರ್ಕಾರದ ಮೂಲಕ ನಡೆಯುತ್ತದೆ, 112ಕ್ಕೆ ಜೋಡಿಸಿದ್ದಾರೆ. ಕರೆ ಮಾಡುವವರು ಎಡವುವುದು ಜಾಗ ಹೇಳುವುದರಲ್ಲಿ. 'ಸಿಗ್ನಲ್ ಹತ್ತಿರ ಮಗು ಇದೆ' ಎಂದರೆ ಯಾವ ಸಿಗ್ನಲ್? ಬೆಂಗಳೂರಲ್ಲಿ ಮೆಟ್ರೋ ಕಂಬದ ಸಂಖ್ಯೆಯಷ್ಟು ಖಚಿತವಾದ ಗುರುತು ಇನ್ನೊಂದಿಲ್ಲ, ಅದನ್ನು ಓದಿ ಹೇಳಿ. ಜೊತೆಗೆ ಮಗುವಿನ ಅಂದಾಜು ವಯಸ್ಸು, ಬಟ್ಟೆಯ ಬಣ್ಣ, ಮಾತಾಡುವ ಭಾಷೆ, ಪಕ್ಕದಲ್ಲಿ ಯಾರಿದ್ದಾರೆ ಎಂಬುದು. ಹೆಸರು ಹೇಳಲೇಬೇಕೆಂದಿಲ್ಲ.

ದೊಡ್ಡವರಿಗೂ ಎರಡು ಸಾಲು ಬೇಕು. ಸಿಕ್ಕ ಮಗುವಿನ ಫೋಟೋ ತೆಗೆದು ಬಡಾವಣೆಯ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಬೇಡಿ, ಗುರುತು ಬಯಲು ಮಾಡಿದರೆ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಅಡಿ 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ ಆಗಬಹುದು. ಮನೆಗೆ ಕರೆದುಕೊಂಡು ಹೋಗಿ 'ನಾಳೆ ನೋಡೋಣ' ಎಂದೂ ಇಟ್ಟುಕೊಳ್ಳಬೇಡಿ, 24 ಗಂಟೆಯೊಳಗೆ ತಿಳಿಸಬೇಕು. ಲೈಂಗಿಕ ದೌರ್ಜನ್ಯದ ಅನುಮಾನ ಬಂದರೆ ತಿಳಿಸುವುದು ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ, ಪೋಕ್ಸೊ 19ನೇ ಕಲಂ ಪ್ರಕಾರ ಕಡ್ಡಾಯ. ಮಗುವನ್ನು ಪದೇಪದೇ ಕೇಳಬೇಡಿ, ಪ್ರತಿ ಸಲ ಹೇಳಿದಾಗಲೂ ಮಾತು ಸ್ವಲ್ಪ ಬದಲಾಗುತ್ತದೆ, ಆಮೇಲೆ ನ್ಯಾಯಾಲಯದಲ್ಲಿ ಅದನ್ನೇ ಸುಳ್ಳೆಂದು ತೋರಿಸುತ್ತಾರೆ. ಹೇಳಿಕೆ ಪಡೆಯಲು ಪೊಲೀಸರು ಸಮವಸ್ತ್ರವಿಲ್ಲದೆ ಮಗು ಇರುವಲ್ಲಿಗೆ ಬರಬೇಕು, ಸಾಧ್ಯವಾದಷ್ಟೂ ಮಹಿಳಾ ಸಬ್ ಇನ್‌ಸ್ಪೆಕ್ಟರ್. ರಾತ್ರಿ ಮಗುವನ್ನು ಠಾಣೆಯಲ್ಲಿ ಉಳಿಸಿಕೊಳ್ಳುವಂತಿಲ್ಲ.

ಬನಶಂಕರಿ ಓದುಗರ ಬಳಗ | ಭಾನುವಾರ, ಮಧ್ಯಾಹ್ನ 1:30

ಎಲ್ಲರಿಗೂ ಧನ್ಯವಾದ. ಮೇಲ್ಭಾಗದ ಸಾಲುಗಳು ಹೀಗಾಗಿವೆ: 'ಯಾರೂ ನಿನ್ನನ್ನು ಹೊಡೆಯುವಂತಿಲ್ಲ, ನೀನು ಏನೇ ತಪ್ಪು ಮಾಡಿದ್ದರೂ', 'ನಿನ್ನನ್ನು ಶಾಲೆಗೆ ಕಳಿಸುವುದು ಮನೆಯವರ ಹೊಣೆ', '14ರೊಳಗೆ ಕೆಲಸವಿಲ್ಲ, 18ರೊಳಗೆ ರಾತ್ರಿ ಕೆಲಸವಿಲ್ಲ'. ನಡುವೆ ತಕ್ಕಡಿಯ ಚಿತ್ರ. ಅದರ ಕೆಳಗೆ ಮೆಟ್ಟಿಲು: 7, 10, 12, 14, 16, 18. ಆಟದ ಸಾಲಿನ ಕೆಳಗೆ ಉದ್ಯಾನದ ದೂರಿಗೆ ಬಿಬಿಎಂಪಿ ನಂಬರ್ ಹಾಕಿದ್ದೇವೆ. ಹುಡುಗಿಯರಿಗಾಗಿ ಒಂದು ಸಾಲು ಸೇರಿಸಿದ್ದೇವೆ: '18ಕ್ಕೆ ಮೊದಲು ಮದುವೆ ಮಾಡಿದರೆ ಅದನ್ನು ರದ್ದು ಮಾಡಿಸಬಹುದು'. ಎತ್ತರ ನೆಲದಿಂದ ಮೂರೂವರೆ ಅಡಿಗೆ ಶುರು ಮಾಡುತ್ತೇವೆ, ಹತ್ತು ವರ್ಷದವರ ಕಣ್ಣಿಗೆ ಸಿಗಲಿ ಎಂದು.

ಪಿಯು ವಿದ್ಯಾರ್ಥಿನಿ | ಭಾನುವಾರ, ಮಧ್ಯಾಹ್ನ 1:52

ಬಿಬಿಎಂಪಿ ಈಗಿಲ್ಲ. 2025ರ ಸೆಪ್ಟೆಂಬರಿನಿಂದ ಐದು ನಗರ ಪಾಲಿಕೆಗಳಾಗಿವೆ, ಬನಶಂಕರಿ ಯಾವುದಕ್ಕೆ ಬರುತ್ತದೆ ನೋಡಿ ಆ ನಂಬರ್ ಹಾಕಿ. ಮದುವೆಯ ಸಾಲು ಹುಡುಗಿಯರಿಗೆ ಮಾತ್ರ ಯಾಕೆ? ಹುಡುಗನಿಗೂ 21 ಆಗಿರಬೇಕಲ್ಲ.

ವಕೀಲೆ, ಮಲ್ಲೇಶ್ವರ | ಭಾನುವಾರ, ಮಧ್ಯಾಹ್ನ 2:20

ಸರಿಯಾಗಿ ಹೇಳಿದೆ. ಜೊತೆಗೆ ಆ ಸಾಲಿನಲ್ಲಿ 'ರದ್ದು ಮಾಡಿಸಬಹುದು' ಎಂಬುದೂ ತಪ್ಪು. ಕೇಂದ್ರದ 2006ರ ಬಾಲ್ಯವಿವಾಹ ತಡೆ ಕಾಯ್ದೆಯಲ್ಲಿ ಹಾಗಿದೆ, ಆದರೆ ಕರ್ನಾಟಕದ ತಿದ್ದುಪಡಿ ಆದಮೇಲೆ ಇಲ್ಲಿ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು. ಮಗು ನ್ಯಾಯಾಲಯಕ್ಕೆ ಹೋಗಿ ರದ್ದು ಕೇಳುವವರೆಗೆ ಅದು ಮದುವೆಯಾಗಿ ಉಳಿಯುವುದಿಲ್ಲ. ಹೀಗೆ ಬರೆಯಿರಿ: 'ಹುಡುಗಿಗೆ 18, ಹುಡುಗನಿಗೆ 21 ತುಂಬುವ ಮೊದಲು ಮಾಡಿದ್ದು ಕರ್ನಾಟಕದಲ್ಲಿ ಮದುವೆಯೇ ಅಲ್ಲ. ತಡೆಯಲು 1098.'